ಮಿಕ್ಕಿ ಕಾಕ್ರೇನ್: ಡೆಟ್ರಾಯ್ಟಿಗೆ ಮೊದಲ ಪಟ್ಟ ತಂದ ನಾಯಕ

ಶಿಕಾಗೊ, ಡೆಟ್ರಾಯ್ಟ್ ಸುತ್ತಮುತ್ತ ನೆಲೆಸಿರುವ ನಮ್ಮಲ್ಲಿ ಬಹುಮಂದಿ ಕ್ರಿಕೆಟ್ ನೋಡುತ್ತ ಬೆಳೆದವರು. ಬೇಸ್‌ಬಾಲ್ ನಮಗೆ ಮಕ್ಕಳು ಕಲಿಸಿದ ಆಟ. ಈ ಎರಡೂ ಊರುಗಳ ನಂಟಿದ್ದ ಒಬ್ಬ ಆಟಗಾರರನ್ನು, ವೈದ್ಯರಾಗಿಯೂ ತಂದೆತಾಯಿಗಳಾಗಿಯೂ, ಈ ವಾರ್ಷಿಕೋತ್ಸವದ ಸಂದರ್ಭದಲ್ಲಿ ನೆನೆಯಬಯಸುತ್ತೇವೆ.

ಮಿಕ್ಕಿ ಕಾಕ್ರೇನ್ 1903ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಜನಿಸಿದರು. ಫಿಲಡೆಲ್ಫಿಯಾ ಅಥ್ಲೆಟಿಕ್ಸ್ ತಂಡದ ಕ್ಯಾಚರ್ ಆಗಿ ಹೆಸರು ಗಳಿಸಿದರು. ಕ್ಯಾಚರ್ ಎಂದರೆ ನಮ್ಮ ವಿಕೆಟ್‌ಕೀಪರ್ ಇದ್ದಂತೆ; ಆದರೆ ಆಗ ಪ್ರತಿಯೊಂದು ಎಸೆತವನ್ನೂ ಬೆರಳ ಸನ್ನೆಯಿಂದ ಸೂಚಿಸುತ್ತಿದ್ದವನು ಅವನೇ. 1933ರ ಕೊನೆಯಲ್ಲಿ ಡೆಟ್ರಾಯ್ಟ್ ಟೈಗರ್ಸ್ ಅವರನ್ನು ಕೊಂಡುಕೊಂಡು, ಆಡುತ್ತಲೇ ತಂಡವನ್ನು ನಡೆಸುವ ಮ್ಯಾನೇಜರ್ ಹೊಣೆಯನ್ನೂ ಒಪ್ಪಿಸಿತು.

ಆರ್ಥಿಕ ಕುಸಿತದಿಂದ ಕಾರಿನ ಊರು ಕಂಗೆಟ್ಟಿದ್ದ ಕಾಲವದು. ಹಿಂದಿನ ವರ್ಷ ಐದನೆಯ ಸ್ಥಾನದಲ್ಲಿದ್ದ ತಂಡ 1934ರಲ್ಲಿ 101 ಪಂದ್ಯ ಗೆದ್ದು ಲೀಗಿನ ಅಗ್ರಸ್ಥಾನಕ್ಕೇರಿತು. 1935ರ ವರ್ಲ್ಡ್ ಸೀರೀಸ್‌ನಲ್ಲಿ ಎದುರಾಳಿ ಶಿಕಾಗೊ ಕಬ್ಸ್. ಆರನೆಯ ಪಂದ್ಯದ ಒಂಬತ್ತನೆಯ ಇನಿಂಗ್ಸ್‌ನಲ್ಲಿ ಗೆಲುವಿನ ಓಟ ಓಡಿದವರು ಸ್ವತಃ ಕಾಕ್ರೇನ್. ಡೆಟ್ರಾಯ್ಟಿಗೆ ಮೊದಲ ಪಟ್ಟ ಬಂತು.

ಆಟ, ಆಡಳಿತ ಎರಡರ ಭಾರ ಹೊತ್ತ ಅವರು 1936ರಲ್ಲಿ ಮಾನಸಿಕವಾಗಿ ಬಳಲಿ ಕೆಲಕಾಲ ವಿಶ್ರಾಂತಿ ಪಡೆಯಬೇಕಾಯಿತು. ಮರುವರ್ಷ ಮೇ 25ರಂದು ನ್ಯೂಯಾರ್ಕಿನಲ್ಲಿ ಎಸೆದ ಚೆಂಡು ತಲೆಗೆ ಬಡಿದು ತಲೆಬುರುಡೆ ಒಡೆಯಿತು. ಆಗ ಹೆಲ್ಮೆಟ್ ಇರಲಿಲ್ಲ. ಜೀವ ಉಳಿಯಿತು; 34ನೆಯ ವಯಸ್ಸಿಗೆ ಆಟ ಮುಗಿಯಿತು. ಬೆಂಚಿನಿಂದಲೇ ತಂಡ ನಡೆಸಲು ಹಿಂತಿರುಗಿದರು. ಆದರೆ ಮೈದಾನದ ನಡುವೆ ಕುಳಿತು ಆಟವನ್ನೇ ಆಳುತ್ತಿದ್ದವರಿಗೆ ಬೆಂಚು ಒಗ್ಗಲಿಲ್ಲವೆಂದೇ ನಮಗೆ ತೋರುತ್ತದೆ. 1938ರ ಆಗಸ್ಟಿನಲ್ಲಿ ಅವರನ್ನು ಕೆಲಸದಿಂದ ತೆಗೆಯಲಾಯಿತು.

ಎರಡನೆಯ ಮಹಾಯುದ್ಧದ ವೇಳೆ ಶಿಕಾಗೊದ ಉತ್ತರಕ್ಕಿರುವ ಗ್ರೇಟ್ ಲೇಕ್ಸ್ ನೌಕಾ ತರಬೇತಿ ಕೇಂದ್ರದ ತಂಡವನ್ನು ನಡೆಸಿದರು. 1947ರಲ್ಲಿ ಹಾಲ್ ಆಫ್ ಫೇಮ್ ಗೌರವ ದೊರೆಯಿತು. 1962ರ ಜೂನಿನಲ್ಲಿ ಶಿಕಾಗೊ ಬಳಿಯ ಲೇಕ್ ಫಾರೆಸ್ಟಿನಲ್ಲಿ ತೀರಿಕೊಂಡರು. ಅದೇ ವರ್ಷ ಮಾರ್ಚಿನಲ್ಲಿ ನಮ್ಮ ಕ್ರಿಕೆಟ್ ನಾಯಕ ನಾರಿ ಕಂಟ್ರಾಕ್ಟರ್ ಬಾರ್ಬಡೋಸಿನಲ್ಲಿ ಇಂಥದೇ ಪೆಟ್ಟು ತಿಂದು ಮತ್ತೆ ಟೆಸ್ಟ್ ಆಡಲಿಲ್ಲ.

ಡೆಟ್ರಾಯ್ಟಿನ ಹಳೆಯ ಮೈದಾನದ ಪಕ್ಕದ ಬೀದಿಗೆ ಕಾಕ್ರೇನ್ ಹೆಸರಿಟ್ಟರು. ಅವರನ್ನು ನೆನೆಯಲು ನಮಗೆ ಇನ್ನೊಂದು ದಾರಿಯೂ ಉಂಟು: ಕೂಟದ ವನಭೋಜನದಲ್ಲೇ ಆಗಲಿ, ಬ್ಯಾಟು ಹಿಡಿದ ಮಗುವಿನ ತಲೆಗೆ ಮೊದಲು ಹೆಲ್ಮೆಟ್ ತೊಡಿಸೋಣ. ಹಗಲಿರುಳು ದುಡಿಯುವ ನಾವೂ ದಣಿದಾಗ ವಿಶ್ರಮಿಸುವುದನ್ನು ಕಲಿಯೋಣ.