ಸಾಹಿತ್ಯ ಪರಿಚಾರಕ ಜಿ. ಪಿ. ರಾಜರತ್ನಂ

ಹೊಸಗನ್ನಡ ಸಾಹಿತ್ಯದ ಚರಿತ್ರೆಯಲ್ಲಿ ಜಿ. ಪಿ. ರಾಜರತ್ನಂ ಅವರ ಹೆಸರು ಸಾಮಾನ್ಯವಾಗಿ ಎರಡು ಕಡೆ ಬರುತ್ತದೆ. ನವೋದಯ ಕಾವ್ಯದ ಪ್ರಸ್ತಾಪ ಬಂದಾಗ ಅವರು ‘ರತ್ನನ ಪದಗಳು’ ಬರೆದ ಕವಿ. ಮಕ್ಕಳ ಸಾಹಿತ್ಯದ ಪ್ರಸ್ತಾಪ ಬಂದಾಗ ಶಿಶುಗೀತೆಗಳ ಕರ್ತೃ. ಹೆಂಡ ಕುಡಿದವನ ತೊದಲು, ಹಾಲು ಕುಡಿಯುವ ಮಗುವಿನ ತೊದಲು, ಇವೆರಡಕ್ಕೂ ಕನ್ನಡ ಕಾವ್ಯದಲ್ಲಿ ಸ್ಥಾನ ದೊರಕಿಸಿದ ಈ ವ್ಯಕ್ತಿಯೇ ಪಾಲಿ ಜಾತಕಗಳನ್ನೂ ಜೈನ ಪುರಾಣಪುರುಷರ ಕಥೆಗಳನ್ನೂ ಕನ್ನಡಕ್ಕೆ ತಂದರೆಂಬುದು ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಅವರ ಬರವಣಿಗೆಯ ಈ ಬಹುಮುಖತೆಗೆ ಸೂತ್ರವೊಂದಿದೆ. ಸಾಹಿತಿ ಎನ್ನಿಸಿಕೊಳ್ಳುವುದಕ್ಕಿಂತ ಸಾಹಿತ್ಯ ಪರಿಚಾರಕ ಎನ್ನಿಸಿಕೊಳ್ಳುವುದು ಅವರಿಗೆ ಪ್ರಿಯವಾಗಿತ್ತು. ಆ ಮಾತನ್ನು ವಿನಯದ ಅಲಂಕಾರವೆಂದು ತಿಳಿಯಬಾರದು. ಅವರ ಬದುಕಿನ ಮುಖ್ಯ ಆಯ್ಕೆಗಳೆಲ್ಲ ಅದರಿಂದಲೇ ನಿರ್ಧಾರವಾದವು. ಅದಕ್ಕೆ ಅವರು ಬೆಲೆಯನ್ನೂ ತೆತ್ತರು.

ರಾಜರತ್ನಂ ಅವರ ಮನೆತನ ತಮಿಳುನಾಡಿನ ತಿರುಕಣ್ಣಪುರದ ಮೂಲದ ಶ್ರೀವೈಷ್ಣವ ಮನೆತನ. ಗುಂಡ್ಲುಪೇಟೆಯಲ್ಲಿ ನೆಲೆಸಿ ಕನ್ನಡವಾದುದು. ಚಿಕ್ಕ ವಯಸ್ಸಿನಲ್ಲಿಯೇ ತಾಯಿಯನ್ನು ಕಳೆದುಕೊಂಡ ಅವರು ಅಜ್ಜಿಯ ಆಶ್ರಯದಲ್ಲಿ ಬೆಳೆದರು. ತಂದೆ ಗೋಪಾಲಕೃಷ್ಣ ಅಯ್ಯಂಗಾರ್ಯರು ಪರೋಪಕಾರಿ ಉಪಾಧ್ಯಾಯರೆಂದು ಹೆಸರಾದವರು. ಹುಡುಗನಿಗೆ ಇಟ್ಟ ಹೆಸರು ರಾಜಯ್ಯಂಗಾರ್. ಲೋಯರ್ ಸೆಕೆಂಡರಿ ತರಗತಿಯಲ್ಲಿದ್ದಾಗ ಆತ ಶಾಲೆಯ ಗುಮಾಸ್ತರನ್ನು ಪುಸಲಾಯಿಸಿ ದಾಖಲೆಯಲ್ಲಿ ತನ್ನ ಹೆಸರನ್ನು ರಾಜರತ್ನಂ ಎಂದು ತಿದ್ದಿಸಿಕೊಂಡ. ಬಾಲ್ಯದ ಈ ಚೇಷ್ಟೆಗೆ ಮುಂದೆ ಕಾವ್ಯದಲ್ಲಿಯೂ ಸ್ಥಾನ ದೊರೆಯಿತು. ತಾನೇ ಆರಿಸಿಕೊಂಡ ಹೆಸರಿನ ಅರ್ಧವನ್ನು ಅವರು ಕುಡುಕ ರತ್ನನಿಗೆ ಕೊಟ್ಟರು.

೧೯೩೧ರಲ್ಲಿ ಕನ್ನಡ ಎಂ.ಎ. ಮುಗಿಸಿದಾಗ ಅವರ ಮುಂದೆ ಸಿದ್ಧವಾದ ಉದ್ಯೋಗವಿರಲಿಲ್ಲ. ಕನ್ನಡ ಕಲಿತವನಿಗೆ ಕನ್ನಡದಿಂದ ಅನ್ನ ಹುಟ್ಟುವುದು ಕಷ್ಟವಾಗಿದ್ದ ಕಾಲವದು. ಶಿಶುವಿಹಾರದಲ್ಲಿಯೂ ತಂದೆಯವರು ನಡೆಸುತ್ತಿದ್ದ ಶಾಲೆಯಲ್ಲಿಯೂ ಕೆಲಕಾಲ ಅವರು ಪಾಠ ಹೇಳಿದರು. ಸ್ನಾತಕೋತ್ತರ ಪದವೀಧರನೊಬ್ಬನಿಗೆ ಇದು ಹಿನ್ನಡೆಯಾಗಿ ತೋರಬಹುದು. ಕನ್ನಡಕ್ಕೆ ಮಾತ್ರ ಇದರಿಂದ ಲಾಭವಾಯಿತು. ಮಕ್ಕಳ ಸಹವಾಸದಲ್ಲಿ ಹುಟ್ಟಿದ ಪದ್ಯಗಳು ‘ತುತ್ತೂರಿ’ಯಾಗಿ ಹೊರಬಂದವು. ಬಳಿಕ ಉದ್ಯೋಗವನ್ನು ಅರಸಿ ಅವರು ಹೈದರಾಬಾದಿಗೂ ಹೋದರು. ಈ ಅಲೆದಾಟದ ದಿನಗಳಲ್ಲಿ ಅವರನ್ನು ಸಾಹಿತ್ಯದ ಪರಿಚಾರಿಕೆಗೆ ಹುರಿದುಂಬಿಸಿ, ಜನಗಣತಿ ಕಛೇರಿಯಲ್ಲಿ ಕೆಲಸವನ್ನೂ ದೊರಕಿಸಿಕೊಟ್ಟವರು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು. ೧೯೩೮ರಲ್ಲಿ ಕನ್ನಡ ಪಂಡಿತರ ಹುದ್ದೆ ದೊರೆತ ಮೇಲೆ ಮೈಸೂರು, ಬೆಂಗಳೂರು, ತುಮಕೂರುಗಳಲ್ಲಿ ಅಧ್ಯಾಪಕರಾಗಿ, ೧೯೬೪ರಲ್ಲಿ ಪ್ರಾಧ್ಯಾಪಕರಾಗಿ ನಿವೃತ್ತರಾದರು.

ರಾಜರತ್ನಂ ಅವರ ಶಿಶುಗೀತೆಗಳು ಸರಳವಾಗಿ ಕಾಣುತ್ತವೆಯಾದರೂ ಆ ಸರಳತೆ ಶ್ರಮದಿಂದ ಸಾಧಿಸಿದ್ದು. ತುತ್ತೂರಿಯ ಪದ್ಯದಲ್ಲಿ ಕಸ್ತೂರಿಯೆಂಬ ಹುಡುಗ ಬಣ್ಣದ ತಗಡಿನ ವಾದ್ಯವನ್ನು ಕೊಂಡು ಜಂಬದಿಂದ ಊದುತ್ತ ತಿರುಗುತ್ತಾನೆ. ಅದು ನೀರಿಗೆ ಬಿದ್ದು ಬಣ್ಣವೂ ಹೋಗುತ್ತದೆ, ದನಿಯೂ ಹೋಗುತ್ತದೆ. ನಾಲ್ಕು ಮಾತ್ರೆಯ ಗಣಗಳು ಹೆಜ್ಜೆ ಹಾಕುವಂತೆ ಸಾಗಿ, ಹುಡುಗನ ಜಂಬದ ನಡಿಗೆಯನ್ನೇ ಕಿವಿಗೆ ತರುತ್ತವೆ. ನಾಯಿಮರಿಯ ಪದ್ಯದ ಲಯ ಬೇರೆ. ಅಲ್ಲಿ ಮೂರು ಮಾತ್ರೆಯ ಗಣ ಬಳುಕುತ್ತ, ಮಗು ಕೇಳುವುದಕ್ಕೂ ಮರಿ ಉತ್ತರಿಸುವುದಕ್ಕೂ ಎಡೆಮಾಡಿಕೊಡುತ್ತದೆ. ತಿಂಡಿ ಕೊಟ್ಟರೆ ಮನೆ ಕಾಯುವೆನೆಂಬ ಒಪ್ಪಂದ ಅಲ್ಲಿ ಹಾಸ್ಯದಲ್ಲಿಯೇ ಮುಗಿಯುತ್ತದೆ. ಎರಡರಲ್ಲಿಯೂ ಉಪದೇಶ ಹೊರಗಿನಿಂದ ಬಂದು ಕೂರುವುದಿಲ್ಲ. ಪಂಜೆ ಮಂಗೇಶರಾಯರು ಕನ್ನಡ ಶಿಶುಗೀತೆಗೆ ಹಾಕಿಕೊಟ್ಟ ದಾರಿಯಲ್ಲಿ ರಾಜರತ್ನಂ ಅವರು ಇನ್ನೂ ಚಿಕ್ಕ ಮಗುವಿನ ಬಳಿಗೆ, ಇನ್ನೂ ಚಿಕ್ಕ ಮಾತಿನ ಬಳಿಗೆ ನಡೆದರು. ‘ಕಡಲೆಪುರಿ’, ‘ಕಲ್ಲುಸಕ್ಕರೆ’, ‘ಗುಲಗಂಜಿ’ ಮೊದಲಾದ ಹೆಸರುಗಳನ್ನು ನೋಡಿದರೆ ಮಗುವಿನ ಮುಷ್ಟಿಯ ಅಳತೆ ಅವರಿಗೆ ಎಷ್ಟು ಚೆನ್ನಾಗಿ ತಿಳಿದಿತ್ತೆಂಬುದು ಗೊತ್ತಾಗುತ್ತದೆ.

ಅವರ ಸ್ವಭಾವದ ವೈಚಿತ್ರ್ಯಗಳೂ ಸ್ವಾರಸ್ಯವಾದವು. ಕನ್ನಡದಲ್ಲಿ ಕುಡುಕನ ಅತ್ಯಂತ ಜೀವಂತವಾದ ಪದಗಳನ್ನು ಬರೆದ ಅವರು ಸ್ವತಃ ಹೆಂಡ ಮುಟ್ಟಿದವರಲ್ಲ. ರತ್ನನ ಗ್ರಾಮ್ಯ ಕನ್ನಡ, ಪುಟ್ನಂಜಿಯ ಮೇಲಿನ ಅವನ ಪ್ರೀತಿ, ನರಕಯಾತನೆಯ ನಡುವೆಯೂ ಕನ್ನಡದ ಪದ ಹಾಡುವುದನ್ನು ಬಿಡೆನೆಂಬ ಅವನ ಹಟ, ಇವೆಲ್ಲ ಶ್ರೀವೈಷ್ಣವ ಆಚಾರದ ಮನೆಯಿಂದ ಬಂದ ಅಧ್ಯಾಪಕನ ಲೇಖನಿಯಿಂದ ಮೂಡಿದವು. ಭಾವಗೀತೆಗಳನ್ನು ಬರೆಯುವಾಗ ಭ್ರಮರನೆಂಬ ಕಾವ್ಯನಾಮವನ್ನು ಇಟ್ಟುಕೊಂಡರು. ಪದಗಳೊಡನೆ ಆಡುವುದು ಅವರಿಗೆ ಬಿಡಲಾಗದ ಅಭ್ಯಾಸ. ಇಂಗ್ಲಿಷಿನ ಬಯಾಗ್ರಫಿಗೆ ಕನ್ನಡದ ನಿರ್ಭಯವನ್ನು ಬೆಸೆದು ‘ನಿರ್ಭಯಾಗ್ರಫಿ’ ಎಂದು ಪುಸ್ತಕಕ್ಕೆ ಹೆಸರಿಟ್ಟರು. ಹೀಗೆ ನಗುತ್ತಿದ್ದವರೇ ಪಾಲಿ ಸಾಹಿತ್ಯಕ್ಕಿಳಿದು ಬುದ್ಧನ ಜಾತಕಗಳನ್ನು ಕನ್ನಡಿಸಿದರು. ‘ಧರ್ಮದಾನಿ ಬುದ್ಧ’, ‘ಚೀನಾದೇಶದ ಬೌದ್ಧ ಯಾತ್ರಿಕರು’ ಮುಂತಾದ ಗ್ರಂಥಗಳನ್ನು ರಚಿಸಿದರು. ಈ ಬಗೆಯ ಪ್ರಕಟಣೆಗಳಿಗಾಗಿ ಶಾಕ್ಯ ಸಾಹಿತ್ಯ ಮಂಟಪವನ್ನು ನಡೆಸಿದರು.

ಪರಿಚಾರಿಕೆಯ ಮಾತು ನಿಜವಾಗಿ ಕಸುವು ಪಡೆದುದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ಎ. ಆರ್. ಕೃಷ್ಣಶಾಸ್ತ್ರಿಗಳು ಕಟ್ಟಿದ್ದ ಅಲ್ಲಿನ ಕರ್ನಾಟಕ ಸಂಘಕ್ಕೆ ರಾಜರತ್ನಂ ಅವರು ಹೊಸ ಚೈತನ್ಯ ತುಂಬಿದರು. ಕನ್ನಡ ವಿದ್ಯಾರ್ಥಿಗಳಷ್ಟೇ ಅಲ್ಲ, ವಿಜ್ಞಾನ ಓದುತ್ತಿದ್ದ ಹುಡುಗರೂ ಅವರ ಒತ್ತಾಯದಿಂದ ಬರೆಯತೊಡಗಿದರು. ಭೂವಿಜ್ಞಾನದ ವಿದ್ಯಾರ್ಥಿಯಾಗಿದ್ದ ಕೆ. ಎಸ್. ನಿಸಾರ್ ಅಹಮದ್ ಅವರಂಥ ಕವಿಗಳು ಈ ವಾತಾವರಣದಲ್ಲಿ ಬೆಳೆದವರು. ವಿದ್ಯಾರ್ಥಿಯ ಹಸ್ತಪ್ರತಿಯನ್ನು ಓದುವುದು, ತಿದ್ದುವುದು, ಅಚ್ಚಿಗೆ ಕಳಿಸುವುದು, ಅಚ್ಚಾದುದನ್ನು ಓದುಗರ ಕೈಗೆ ಮುಟ್ಟಿಸುವುದು, ಈ ಯಾವ ಕೆಲಸವೂ ಅವರಿಗೆ ಕೀಳೆನಿಸಲಿಲ್ಲ. ಪುಸ್ತಕವನ್ನು ಬರೆದವನೇ ಅದನ್ನು ಹೊತ್ತು ಮಾರುವುದರಲ್ಲಿ ಅವರು ಅವಮಾನವನ್ನು ಕಾಣಲಿಲ್ಲ.

ಇಂಥ ಬದುಕಿನ ಲೆಕ್ಕದಲ್ಲಿ ನಷ್ಟದ ಪಾಲೂ ಇದೆ. ಅನ್ಯರ ಪುಸ್ತಕಗಳಿಗೆ ಸಂದ ಹೊತ್ತು ಅವರ ಸ್ವಂತ ಕಾವ್ಯಕ್ಕೆ ಸಲ್ಲಲಿಲ್ಲ. ‘ರತ್ನನ ಪದಗಳು’ ಮುಟ್ಟಿದ ಎತ್ತರದಿಂದ ಅವರು ಗಂಭೀರ ಕಾವ್ಯದ ಇನ್ನೊಂದು ಶಿಖರಕ್ಕೆ ಏರಲಿಲ್ಲ ಎಂದರೆ ತಪ್ಪಾಗಲಾರದು. ಶಿಶುಗೀತೆಯನ್ನು ವಿಮರ್ಶೆಗೆ ತಕ್ಕ ವಸ್ತುವೆಂದು ಪರಿಗಣಿಸುವ ರೂಢಿ ನಮ್ಮಲ್ಲಿ ಬೆಳೆಯದೆ ಇದ್ದುದರಿಂದ, ಅವರು ನಿಜವಾಗಿ ಎತ್ತರಕ್ಕೇರಿದ ಕ್ಷೇತ್ರವೇ ವಿದ್ವಾಂಸರ ಗಮನದಿಂದ ದೂರ ಉಳಿಯಿತು. ಮೈಸೂರು ಅನಂತಸ್ವಾಮಿಯವರ ಕಂಠದಲ್ಲಿ ರತ್ನ ಮನೆಮಾತಾದ. ನಾಯಿಮರಿಯಾದರೋ ಯಾವ ಗಾಯಕನ ನೆರವೂ ಬೇಡದೆ ತಾಯಂದಿರ ಬಾಯಲ್ಲಿಯೇ ಊರೂರು ಸೇರಿತು. ಹಾಡುವವರಿಗೆ ಕವಿಯ ಹೆಸರು ಗೊತ್ತಿರಲೇಬೇಕೆಂದಿರಲಿಲ್ಲ.

ಸಾಹಿತ್ಯ ಪರಿಷತ್ತು ೧೯೭೮ರಲ್ಲಿ ತನ್ನ ಐವತ್ತನೆಯ ಸಮ್ಮೇಳನದ ಅಧ್ಯಕ್ಷಪದವಿಗೆ ಅವರನ್ನು ಆರಿಸಿತು. ಸಮ್ಮೇಳನ ಸೇರಿದ್ದು ದೆಹಲಿಯಲ್ಲಿ. ಕನ್ನಡ ನಾಡಿನಿಂದ ಅಷ್ಟು ದೂರದಲ್ಲಿ, ಸಂಬಳ ಸಾರಿಗೆಗಳ ಕಾರಣದಿಂದ ನೆಲೆಸಿದ ಕನ್ನಡಿಗರ ನಡುವೆ, ಆ ಪೀಠದಲ್ಲಿ ಕುಳಿತವರು ಮಕ್ಕಳ ಕವಿಯೆಂಬುದು ಅರ್ಥಪೂರ್ಣವಾಗಿತ್ತು. ಮನೆಯ ಹೊರಗೆ ಕನ್ನಡ ಕೇಳಿಸದ ಊರಿನಲ್ಲಿ ಬೆಳೆಯುವ ಮಗುವಿಗೆ ಪಂಪ ಕುಮಾರವ್ಯಾಸರು ಸಿಗುವುದು ಬಹಳ ತಡವಾಗಿ, ಕೆಲವೊಮ್ಮೆ ಸಿಗುವುದೇ ಇಲ್ಲ. ತೊಟ್ಟಿಲು ಬಿಟ್ಟಿಳಿಯುವಾಗಲೇ ಕೈಗೆ ಸಿಗುವ ಕನ್ನಡ ಕಾವ್ಯವೆಂದರೆ ಇಂಥ ಪದ್ಯಗಳೇ. ಮರುವರ್ಷ, ೧೯೭೯ರ ಮಾರ್ಚ್ ೧೩ರಂದು, ರಾಜರತ್ನಂ ಅವರು ತೀರಿಕೊಂಡರು.

ಅವರು ಮಾಡಿದ ಪರಿಚಾರಿಕೆಗೆ ಪ್ರತಿಯಾಗಿ ಕನ್ನಡ ವಿಭಾಗಗಳು ಮಾಡಬೇಕಾದ ಕೆಲಸ ಬಹಳ ಉಳಿದಿದೆ. ಶಿಶುಗೀತೆಗಳ ಛಂದಸ್ಸು, ಅವುಗಳ ಪದಸಂಪತ್ತು, ಹೊರನಾಡಿನ ಮನೆಗಳಲ್ಲಿ ಅವು ಪಡೆದುಕೊಂಡಿರುವ ಪಾಠಾಂತರಗಳು, ಇವು ಪ್ರೌಢ ಸಂಶೋಧನೆಗೆ ತಕ್ಕ ವಿಷಯಗಳು. ಮುಂಬಯಿಯಲ್ಲೋ ಹೈದರಾಬಾದಿನಲ್ಲೋ ಕನ್ನಡ ಓದುತ್ತಿರುವ ವಿದ್ಯಾರ್ಥಿ ಇದಕ್ಕೆ ಸಾಮಗ್ರಿಯನ್ನು ಗ್ರಂಥಾಲಯದಲ್ಲಿ ಹುಡುಕುವ ಮೊದಲು ತನ್ನ ಮನೆಯ ಅಜ್ಜಿಯನ್ನು ಕೇಳುವುದು ಲೇಸು.