ತಾಯಿ ಪಾತ್ರಗಳ ಆಚೆಗಿನ ಎಂ.ವಿ. ರಾಜಮ್ಮ

ದೂರದರ್ಶನದಲ್ಲಿ ವಾರಕ್ಕೊಂದು ಕನ್ನಡ ಚಲನಚಿತ್ರವನ್ನು ಕಾದು ನೋಡಿದ ತಲೆಮಾರಿಗೆ ಎಂ.ವಿ. ರಾಜಮ್ಮ ಎಂದರೆ ನೆನಪಾಗುವುದು ತಾಯಿಯ ಮುಖ. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ಅವರು ಡಾ. ರಾಜ್‌ಕುಮಾರ್ ಅವರ ತಾಯಿಯಾಗಿ ಕಾಣಿಸಿಕೊಂಡರು. ಕನ್ನಡ ಚಿತ್ರವೊಂದನ್ನು ನಿರ್ಮಿಸಿದ ಮೊದಲ ಮಹಿಳೆ ಇವರೇ ಎಂಬುದು ಮಾತ್ರ ಆ ಪ್ರೇಕ್ಷಕರಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ.

ರಾಜಮ್ಮನವರ ಹುಟ್ಟೂರು ಚನ್ನಪಟ್ಟಣ ತಾಲ್ಲೂಕಿನ ಅಗಂಡನಹಳ್ಳಿ. 2007ರಲ್ಲಿ ರಾಮನಗರ ಜಿಲ್ಲೆ ರಚನೆಯಾಗುವವರೆಗೂ ಈ ತಾಲ್ಲೂಕು ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿತ್ತು. ಬೊಂಬೆಗಳಿಗೆ ಹೆಸರಾದ ಈ ಸೀಮೆಯಿಂದ ಎಳೆಯ ವಯಸ್ಸಿನಲ್ಲೇ ಅವರು ವೃತ್ತಿರಂಗಭೂಮಿಗೆ ಬಂದರು. ಚಂದ್ರಕಲಾ ನಾಟಕ ಮಂಡಳಿಯಲ್ಲಿ ಬಿ.ಆರ್. ಪಂತುಲು ಅವರೊಂದಿಗೆ ಆರಂಭವಾದ ಕಲಾ ಒಡನಾಟ ದಶಕಗಳ ಕಾಲ ಮುಂದುವರಿಯಿತು.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ತೆರೆಕಂಡದ್ದು 1934ರಲ್ಲಿ. ಎರಡೇ ವರ್ಷಗಳ ತರುವಾಯ ಎಚ್.ಎಲ್.ಎನ್. ಸಿಂಹ ನಿರ್ದೇಶನದ ‘ಸಂಸಾರ ನೌಕೆ’ ಬಂದಿತು. ಪುರಾಣ ಕಥೆಗಳ ಕಾಲದಲ್ಲಿ ಮನೆಯೊಳಗಿನ ಬದುಕನ್ನು ಬೆಳ್ಳಿತೆರೆಗೆ ತಂದ ಕನ್ನಡದ ಮೊದಲ ಸಾಮಾಜಿಕ ಚಿತ್ರವೆಂಬ ಹಿರಿಮೆ ಇದರದು. ರಂಗದ ಮೇಲೆ ಜನ ಮೆಚ್ಚಿದ್ದ ನಾಟಕವನ್ನು ಅದರ ಕಲಾವಿದರೇ ಚಿತ್ರವಾಗಿಸಿದ್ದರು. ಪಂತುಲು ನಾಯಕ, ಇನ್ನೂ ಹದಿಹರೆಯದ ರಾಜಮ್ಮ ನಾಯಕಿ. ನಟಿಯರು ತಮ್ಮ ಹಾಡುಗಳನ್ನು ತಾವೇ ಹಾಡಬೇಕಿದ್ದ ಆ ದಿನಗಳಲ್ಲಿ ರಂಗಭೂಮಿಯ ಕಂಠ ಅವರ ನೆರವಿಗೆ ಬಂತು.

ಅಂದು ಕನ್ನಡದಲ್ಲಿ ತಯಾರಾಗುತ್ತಿದ್ದ ಚಿತ್ರಗಳು ಬೆರಳೆಣಿಕೆಯಷ್ಟು. ಸ್ಟುಡಿಯೋ, ಬಂಡವಾಳ, ತಂತ್ರಜ್ಞರು ಎಲ್ಲವೂ ಮದರಾಸು ಪ್ರಾಂತ್ಯದಲ್ಲಿದ್ದುದರಿಂದ ನಟಿಯೊಬ್ಬರು ಕನ್ನಡವನ್ನಷ್ಟೇ ನಂಬಿ ಬದುಕುವುದು ದುಸ್ತರವಾಗಿತ್ತು. ರಾಜಮ್ಮ ತಮಿಳಿಗೆ ನಡೆದರು. ಸೇಲಂನ ಮಾಡರ್ನ್ ಥಿಯೇಟರ್ಸ್ 1940ರಲ್ಲಿ ನಿರ್ಮಿಸಿದ ‘ಉತ್ತಮ ಪುತ್ರನ್’ ಚಿತ್ರದಲ್ಲಿ ಪಿ.ಯು. ಚಿನ್ನಪ್ಪ ದ್ವಿಪಾತ್ರ ವಹಿಸಿದರೆ, ನಾಯಕಿ ಇವರು. ಸಿ.ಎನ್. ಅಣ್ಣಾದೊರೈ ಬರೆದ ‘ವೇಲೈಕ್ಕಾರಿ’ಯಲ್ಲೂ (1949) ನಟಿಸಿದರು.

ಇವೆರಡರ ನಡುವೆ, 1943ರಲ್ಲಿ, ರಾಜಮ್ಮ ‘ರಾಧಾ ರಮಣ’ವನ್ನು ಕನ್ನಡದಲ್ಲಿ ನಿರ್ಮಿಸಿದರು. ಎರಡನೇ ಮಹಾಯುದ್ಧದ ಕಾಲವದು. ಕಚ್ಚಾ ಫಿಲ್ಮ್‌ಗೆ ಅಭಾವ, ಅದರ ಮೇಲೆ ಸರ್ಕಾರದ ನಿಯಂತ್ರಣ. ಪಳಗಿದ ನಿರ್ಮಾಪಕರೇ ಹಿಂಜರಿಯುತ್ತಿದ್ದಾಗ, ತಮಿಳಿನಲ್ಲಿ ನೆಲೆ ಕಂಡಿದ್ದ ಇಪ್ಪತ್ತರ ಆಸುಪಾಸಿನ ಯುವತಿ ಮಾರುಕಟ್ಟೆಯೇ ಇಲ್ಲದಂತಿದ್ದ ಭಾಷೆಯಲ್ಲಿ ಚಿತ್ರ ತೆಗೆಯುವುದು ಸಾಮಾನ್ಯ ಎದೆಗಾರಿಕೆಯಲ್ಲ. ಟಿ.ಎನ್. ಬಾಲಕೃಷ್ಣ ಮತ್ತು ಜಿ.ವಿ. ಅಯ್ಯರ್ ಚಿತ್ರರಂಗ ಪ್ರವೇಶಿಸಿದ್ದು ಇದೇ ಚಿತ್ರದ ಮೂಲಕ. ಒಬ್ಬರು ಮುಂದೆ ನೂರಾರು ಚಿತ್ರಗಳಲ್ಲಿ ನಟಿಸಿ ಅಭಿಮಾನ್ ಸ್ಟುಡಿಯೋ ಕಟ್ಟಿದರು. ಇನ್ನೊಬ್ಬರು ‘ಆದಿ ಶಂಕರಾಚಾರ್ಯ’ದಂತಹ (1983) ಸಂಸ್ಕೃತ ಚಿತ್ರ ನಿರ್ದೇಶಿಸಿದರು. ರಾಜ್‌ಕುಮಾರ್ ಅವರ ‘ಬೇಡರ ಕಣ್ಣಪ್ಪ’ ಬರಲು ಇನ್ನೂ ಹನ್ನೊಂದು ವರ್ಷವಿತ್ತು. ಇವರಿಬ್ಬರ ಸಾಧನೆಯನ್ನು ಕೊಂಡಾಡುವ ಸಂದರ್ಭಗಳಲ್ಲಿ ಮೊದಲ ಅವಕಾಶ ಕೊಟ್ಟವರ ಹೆಸರು ಕೇಳಿಬರುವುದು ಅಪರೂಪ.

ಪಂತುಲು 1958ರಲ್ಲಿ ‘ಸ್ಕೂಲ್ ಮಾಸ್ಟರ್’ ನಿರ್ದೇಶಿಸಿದಾಗ ‘ಸಂಸಾರ ನೌಕೆ’ಯ ಜೋಡಿ ಮತ್ತೆ ಒಂದಾಯಿತು. ಆದರೆ ಈ ಬಾರಿ ಅವರು ಮಕ್ಕಳಿಂದಲೇ ಕಡೆಗಣಿಸಲ್ಪಟ್ಟ ವೃದ್ಧ ದಂಪತಿ. ರಾಜಮ್ಮನವರಿಗೆ ಆಗಿನ್ನೂ ನಲವತ್ತು ತುಂಬಿರಲಿಲ್ಲ. ಅದೇ ಚನ್ನಪಟ್ಟಣ ತಾಲ್ಲೂಕಿನ ದಶವಾರ ಮೂಲದ ಬಿ. ಸರೋಜಾದೇವಿ ಆ ಚಿತ್ರದಲ್ಲಿದ್ದ ಎಳೆಯ ತಾರೆ.

ಅಲ್ಲಿಂದಾಚೆಗೆ ತಾಯಿಯ ಪಾತ್ರಗಳೇ ಹೆಚ್ಚಾಗಿ ಅವರ ಪಾಲಿಗೆ ಬಂದವು. ನಾಯಕ ನಟರು ಐವತ್ತರಲ್ಲೂ ಕಾಲೇಜು ಹುಡುಗರಾಗುತ್ತಿದ್ದ ಉದ್ಯಮ ನಟಿಯರಿಗೆ ಆ ರಿಯಾಯಿತಿ ಕೊಡಲಿಲ್ಲ. ಪಂತುಲು ಅವರ ‘ಕರ್ಣನ್’ (1964) ತಮಿಳು ಚಿತ್ರದಲ್ಲಿ ಶಿವಾಜಿ ಗಣೇಶನ್ ಕರ್ಣ, ಅವರಿಗಿಂತ ಕೆಲವೇ ವರ್ಷ ಹಿರಿಯರಾದ ರಾಜಮ್ಮ ಕುಂತಿ. ಹೆತ್ತ ಮಗನನ್ನು ಮಗನೆಂದು ಹೇಳಿಕೊಳ್ಳಲಾಗದ ಸಂಕಟವನ್ನು ಅಬ್ಬರವಿಲ್ಲದೆ ತೆರೆಯ ಮೇಲೆ ತಂದ ಈ ಪಾತ್ರ ಅವರ ಅಭಿನಯದ ಎತ್ತರಕ್ಕೆ ಸಾಕ್ಷಿ.

1974ರಲ್ಲಿ ಪಂತುಲು ತೀರಿಕೊಂಡರು, ರಾಜಮ್ಮ 1999ರಲ್ಲಿ. ‘ಕರ್ಣನ್’ 2012ರಲ್ಲಿ ಡಿಜಿಟಲ್ ರೂಪ ತಳೆದು ಮರುಬಿಡುಗಡೆಯಾಯಿತು. ಚೆನ್ನೈನಲ್ಲಿ ನೂರು ದಿನ ದಾಟಿ ಓಡಿದ ಆ ಚಿತ್ರದಲ್ಲಿ ಹೊಸ ತಲೆಮಾರಿನ ಪ್ರೇಕ್ಷಕರು ಅಗಂಡನಹಳ್ಳಿಯ ಈ ಕಲಾವಿದೆಯನ್ನು ಕುಂತಿಯಾಗಿ ಕಂಡರು.