ವಿಜಯಪುರದ ಅಳಿಯ ಶಹಜಾದಾ ದಾನಿಯಾಲ್

ಇಬ್ರಾಹಿಂ ರೋಜಾ ನೋಡದವರು ನಮ್ಮ ಕಾಲೇಜಿನಲ್ಲಿ ಇರಲಿಕ್ಕಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲಿಂದ ಪ್ರವಾಸ ಹೊರಟರೂ ಗೋಳಗುಮ್ಮಟ ಆದ ಮೇಲೆ ಬಸ್ಸು ಅಲ್ಲಿಗೇ ಹೋಗುತ್ತದೆ. ಅಲ್ಲಿ ಮಲಗಿರುವ ಎರಡನೇ ಇಬ್ರಾಹಿಂ ಆದಿಲ್ ಶಾಹನಿಗೆ ಒಬ್ಬ ಅಳಿಯನಿದ್ದ. ಅವನೇ ಅಕ್ಬರ್ ಬಾದಶಹನ ಕಿರಿಯ ಮಗ ದಾನಿಯಾಲ್. ಮದುವೆಯಾಗಿ ಒಂದು ವರ್ಷ ತುಂಬುವುದರೊಳಗೆ ಕುಡಿತದಿಂದ ಸತ್ತ. ಅವನ ಬಗ್ಗೆ ನಾನು ಯಾಕೆ ಓದಿದೆ ಎನ್ನುವುದನ್ನು ಆಮೇಲೆ ಹೇಳುತ್ತೇನೆ.

ದಾನಿಯಾಲ್ 1572ರಲ್ಲಿ ಅಜ್ಮೀರಿನಲ್ಲಿ ಹುಟ್ಟಿದ. ಖ್ವಾಜಾ ಸಾಹೇಬರ ದರ್ಗಾದ ಸೇವೆಯಲ್ಲಿದ್ದ ಶೇಖ್ ದಾನಿಯಾಲ್ ಅವರ ಮನೆಯಲ್ಲಿ ಹೆರಿಗೆಯಾದ್ದರಿಂದ ಅವರ ಹೆಸರನ್ನೇ ಮಗುವಿಗೆ ಇಟ್ಟರು. ದೊಡ್ಡವನಾದ ಮೇಲೆ ಆನೆ, ಕುದುರೆ ಎಂದರೆ ಅವನಿಗೆ ಪ್ರಾಣ. ಹಿಂದಿ ಹಾಡು ಕೇಳುತ್ತಿದ್ದ, ತಾನೂ ಕವಿತೆ ಕಟ್ಟುತ್ತಿದ್ದ. 1600ರಲ್ಲಿ ಅವನ ಸೈನ್ಯ ಅಹ್ಮದ್‌ನಗರವನ್ನು ಗೆದ್ದಿತು. ಆ ಕೋಟೆಯನ್ನು ಕಾಯುತ್ತಿದ್ದವಳು ವಿಜಯಪುರದ ಸೊಸೆ ಚಾಂದ್ ಬೀಬಿ. ಅಕ್ಬರ್ ಖಾಂದೇಶಕ್ಕೆ ಮಗನ ಹೆಸರಿನಿಂದ ದಾಂದೇಶ ಎಂದು ಹೆಸರಿಟ್ಟ. ಕುಡಿತ ಬಡವರ ಚಟ, ಓದದವರ ಚಟ ಎನ್ನುವವರು ಇದನ್ನು ಗಮನಿಸಬೇಕು. ಹರಾಮ್ ಎನ್ನುವುದೂ ಆ ಮನೆಯವರಿಗೆ ಗೊತ್ತಿತ್ತು. ಆದರೂ ಅಣ್ಣ ಮುರಾದ್ 1599ರಲ್ಲಿ ಕುಡಿತದಿಂದಲೇ ತೀರಿಕೊಂಡ. ಹಿರಿಯ ಅಣ್ಣ ಸಲೀಮನೂ ಕುಡಿಯುತ್ತಿದ್ದ. ಚಟ ಹತ್ತುವ ಅಪಾಯ ಕೆಲವು ಮನೆತನಗಳಲ್ಲಿ ಹೆಚ್ಚು ಎಂದು ಇಂದಿನ ವೈದ್ಯರೂ ಹೇಳುತ್ತಾರೆ.

1604ರಲ್ಲಿ ಇಬ್ರಾಹಿಂ ತನ್ನ ಮಗಳನ್ನು ದಾನಿಯಾಲನಿಗೆ ಕೊಟ್ಟ. ಮದುಮಗಳ ಜೊತೆ ಗೋದಾವರಿ ದಂಡೆಯ ಪೈಠಣದವರೆಗೆ ಹೋದವರಲ್ಲಿ ಇತಿಹಾಸಕಾರ ಫರಿಶ್ತಾ ಒಬ್ಬ. ಈ ಸಂಬಂಧದ ಕೆಲಸಕ್ಕೆಂದು ಅಕ್ಬರ್ ಕಳಿಸಿದ್ದ ಅಸದ್ ಬೇಗ್ ವಿಜಯಪುರದಲ್ಲಿ ಮೊದಲ ಸಲ ತಂಬಾಕು ಕಂಡು ಅದನ್ನು ಬಾದಶಹನಿಗೆ ಕಾಣಿಕೆಯಾಗಿ ಒಯ್ದ. ಹಕೀಮರು ಬೇಡವೆಂದರೂ ಅಕ್ಬರ್ ಹುಕ್ಕಾ ಎಳೆದು ನೋಡಿದ. ನಮ್ಮ ಊರಿನಿಂದ ಹೋದ ಈ ಕಾಣಿಕೆ ಈಗ ಗುಟ್ಕಾ ಚೀಟಿಯಾಗಿ ಬಸ್ ಸ್ಟ್ಯಾಂಡಿಗೇ ವಾಪಸ್ ಬಂದಿದೆ.

ದಾನಿಯಾಲನ ಕುಡಿತ ಕೈಮೀರಿದಾಗ ಅಕ್ಬರ್ ಕಾವಲು ಹಾಕಿಸಿದ. ಕಾಯುವ ಜವಾಬ್ದಾರಿ ಅವನ ಇನ್ನೊಬ್ಬ ಮಾವ ಅಬ್ದುರ್ರಹೀಮ್ ಖಾನ್‌ಖಾನಾನನದು. ನಾವು ಹಿಂದಿ ಪಾಠದಲ್ಲಿ ಯಾರ ದೋಹೆ ಓದುತ್ತೇವೋ ಅದೇ ರಹೀಮ್. ಮದ್ಯ ಒಳಗೆ ಬರುವ ದಾರಿಗಳೆಲ್ಲ ಮುಚ್ಚಿದವು. ದಾನಿಯಾಲ್ ಸೇವಕರ ಮುಂದೆ ಅತ್ತ, ಬೇಡಿಕೊಂಡ. ಅವನಿಗೆ ಬೇಟೆಯ ಒಂದು ಮೆಚ್ಚಿನ ಬಂದೂಕು ಇತ್ತು. ಗುರಿ ತಪ್ಪದ ಅದಕ್ಕೆ ಜನಾಜಾದ ಹೆಸರನ್ನೇ ಸೇರಿಸಿ ಹೆಸರಿಟ್ಟಿದ್ದ. ಅದೇ ಬಂದೂಕಿನ ನಳಿಗೆಯಲ್ಲಿ ಒಬ್ಬ ಬಂದೂಕುಗಾರ ಸಾರಾಯಿ ತುಂಬಿಕೊಂಡು ಒಳಗೆ ತಂದ. ಒಳಗಿನ ತುಕ್ಕು ಸಾರಾಯಿಯಲ್ಲಿ ಕರಗಿತು, ಮದ್ದಿನ ವಾಸನೆಯೂ ಸೇರಿತು. ಅದನ್ನು ಕುಡಿದು ಮಲಗಿದವನು ಮತ್ತೆ ಏಳಲಿಲ್ಲ. 1605, ಬುರ್ಹಾನ್‌ಪುರ. ಅವನಿಗಿನ್ನೂ 33 ತುಂಬಿರಲಿಲ್ಲ.

ಇದನ್ನು ಬರೆದಿಟ್ಟವನು ಅಣ್ಣ ಸಲೀಮ್, ಅಂದರೆ ಜಹಾಂಗೀರ್. ತನ್ನದನ್ನೂ ಅವನು ಮುಚ್ಚಿಡಲಿಲ್ಲ. ಸುಮಾರು ಹದಿನೆಂಟರಲ್ಲಿ, ಬೇಟೆಯಾಡಿ ದಣಿದಿದ್ದಾಗ, ಒಂದು ಬಟ್ಟಲು ಕುಡಿದರೆ ಆಯಾಸ ಹೋಗುತ್ತದೆ ಎಂದು ಅವನಿಗೂ ಹೇಳಿಕೊಟ್ಟವನು ಒಬ್ಬ ಬಂದೂಕುಗಾರನೇ! ಒಂಬತ್ತು ವರ್ಷದಲ್ಲಿ ದಿನಕ್ಕೆ 20 ಬಟ್ಟಲಾಯಿತು. ಕೈ ನಡುಗಿ ಬಟ್ಟಲು ಹಿಡಿಯಲಾಗದೆ ಬೇರೆಯವರು ಕುಡಿಸಬೇಕಾಯಿತು. ಆಗ ತಾನೇ ಹಕೀಮ್ ಹುಮಾಮರನ್ನು ಕರೆಸಿದ. ಇನ್ನು ಆರು ತಿಂಗಳು ಹೀಗೇ ನಡೆದರೆ ಮದ್ದೇ ಇಲ್ಲ ಎಂದು ಅವರು ಮುಖದ ಮೇಲೆ ಹೇಳಿದರು. ಏಳು ವರ್ಷ ಹಿಡಿದು 20ನ್ನು 6ಕ್ಕೆ ಇಳಿಸಿದ. ಕಾಮರ್ಸ್‌ನವಳಾದ ನಾನು ಖಾತೆಯ ಇನ್ನೊಂದು ಬದಿಯನ್ನೂ ಹೇಳಬೇಕು. ಸಾರಾಯಿ ಇಳಿದಂತೆ ಅಫೀಮು ಏರಿತು, ಅದು ಬಿಡಲಿಲ್ಲ. ಪೂರ್ತಿ ಗುಣವಾಯಿತು ಎನ್ನಲಾಗದು. ಆದರೆ 1627ರವರೆಗೆ ಬದುಕಿದ.

ಇನ್ನು ನನ್ನ ಕಾರಣ. ನಮ್ಮ ಸಂಬಂಧಿಕರಲ್ಲಿ ಒಬ್ಬರನ್ನು ಕುಡಿತ ಬಿಡಿಸಲೆಂದು ಮನೆಯವರು ಕೋಣೆಯಲ್ಲಿ ಕೂಡಿಹಾಕಿದ್ದರು. ನಾನೂ ಬಾಗಿಲು ಕಾದಿದ್ದೇನೆ. ಓಣಿಯ ಹುಡುಗನೊಬ್ಬ ಕಿಟಕಿಯಿಂದ ನೀರಿನ ಬಾಟಲಿಯಲ್ಲಿ ತಂದು ಕೊಡುತ್ತಿದ್ದ. ಅದನ್ನೂ ತಡೆದ ಮೇಲೆ ಮೂರನೇ ದಿನ ಅವರಿಗೆ ಮೈ ನಡುಗಿ ಫಿಟ್ಸ್ ಬಂತು. ಬಹಳ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಹೀಗಾಗುತ್ತದೆ, ಜೀವವೂ ಹೋಗಬಹುದು, ಔಷಧ ಕೊಟ್ಟು ಬಿಡಿಸಬೇಕು ಎಂದು ವಿಜಯಪುರದ ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದರು. ನಮಗೆ ಯಾರಿಗೂ ಇದು ಗೊತ್ತಿರಲಿಲ್ಲ. ವ್ಯಸನದ ಬಗ್ಗೆ ಸಲಹೆ ಕೇಳಲು 14446 ಎಂಬ ಉಚಿತ ನಂಬರ್ ಇದೆ, ಮನಸ್ಸಿನ ತೊಂದರೆಗೆ 14416. ಅದೂ ಆಮೇಲೆ ತಿಳಿಯಿತು.

ಆಸ್ಪತ್ರೆಯಿಂದ ಬಂದ ಮೇಲೆ ಅವರು ಒಮ್ಮೆ ಮತ್ತೆ ಕುಡಿದರು. ಮನೆಯಲ್ಲಿ ಎಲ್ಲರೂ ಬೈದರು. ಮರುದಿನ ಅವರೇ ಅಂಗಿ ಹಾಕಿಕೊಂಡು, ಆಸ್ಪತ್ರೆಯ ಚೀಟಿ ಹುಡುಕಿ ಕೊಡು ಎಂದು ನನ್ನನ್ನು ಕೇಳಿದರು. ಈಗ ನಾಲ್ಕು ತಿಂಗಳಾಗಿದೆ.